ಕೂಲಿ ಬರೆಯದ ಲೆಕ್ಕ



2025ರ ಜೂನ್‌ನಲ್ಲಿ ಇಟಲಿಯ ಮಿಲಾನ್‌ನಲ್ಲಿ ಪ್ರಾಡಾ ಕಂಪನಿಯ ಫ್ಯಾಷನ್ ಶೋ ನಡೀತು. ಕಾಲಲ್ಲಿ ಕೊಲ್ಹಾಪುರಿಯಂಥದ್ದೇ ಚಪ್ಪಲಿ. ಊರಿನ ಹೆಸರಿಲ್ಲ, ಮಾಡಿದವರ ಹೆಸರಿಲ್ಲ. ಗದ್ದಲವಾಯ್ತು, ಕಂಪನಿ ಮೂಲವನ್ನು ಒಪ್ಪಿಕೊಂಡಿತು. ಡಿಸೆಂಬರ್‌ನಲ್ಲಿ ನಮ್ಮ ಲಿಡ್ಕರ್, ಮಹಾರಾಷ್ಟ್ರದ ಲಿಡ್‌ಕಾಮ್ ಜೊತೆ ಒಪ್ಪಂದವೂ ಆಯ್ತು. 2,000 ಜೋಡಿ, ಜೋಡಿಗೆ ಸುಮಾರು 800 ಯೂರೋ.

ಸಂತೋಷ. ಆದರೆ ಇವತ್ತು ನನ್ನ ಪ್ರಶ್ನೆ ಮಿಲಾನ್‌ದಲ್ಲ. ಕಾಗವಾಡ ತಾಲ್ಲೂಕಿನ ಶಿರಗುಪ್ಪಿಯಂಥ ಊರಿನ ಅಂಗಡಿಯದು. ಅಲ್ಲಿ ಅದೇ ಚಪ್ಪಲಿಯ ಬೆಲೆ ಹೇಳೋರು ಯಾರು?

ಹೆಸರು ಕೊಲ್ಹಾಪುರದ್ದು, ಕಸುಬು ಎರಡೂ ಕಡೆಯದು. 2019ರಲ್ಲಿ ಸಿಕ್ಕ ಜಿಐ ಮಾನ್ಯತೆಯಲ್ಲಿ ಮಹಾರಾಷ್ಟ್ರದ 4 ಜಿಲ್ಲೆಗಳಿವೆ. ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಇವೆ. ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಚರ್ಮ ಹದ ಮಾಡಬೇಕು. ಅಥಣಿ, ನಿಪ್ಪಾಣಿ ಕಡೆ ಗಂಡಸರು ಅಟ್ಟೆ ಕತ್ತರಿಸಿದರೆ, ಹೆಂಗಸರು ಹೊಲಿಗೆ ಹಾಕ್ತಾರೆ, ಪಟ್ಟಿ ಹೆಣೀತಾರೆ.

ಈಗ ಒಂದು ಲೆಕ್ಕ ಹಾಕೋಣ. ಅಂಕಿ ಉದಾಹರಣೆಗೆ ಮಾತ್ರ. ಚರ್ಮ, ದಾರ ಸೇರಿ ಸಾಮಾನು 350 ರೂಪಾಯಿ. ಗಂಡನ ಒಂದು ದಿನದ ಕೂಲಿ 500. ಹೆಂಡತಿಯ ಅರ್ಧ ದಿನಕ್ಕೆ 250. ಒಟ್ಟು 1,100. ಅಂಗಡಿಯಲ್ಲಿ ಏನಾಗುತ್ತೆ? ‘ಏ ಮಾಮಾ, 600ಕ್ಕ ಕೊಡ್ತಿ ಏನ್? ರೊಕ್ಕ ಮುಂದಿನ ಸಂತಿಗೆ.’ ಮಾಮಾ ತಲೆ ಆಡಿಸ್ತಾನೆ. ಸಾಮಾನು ಕಳೆದರೆ ಕೈಯಲ್ಲಿ ಉಳಿದದ್ದು 250. ಅವ್ವನ ಹೊಲಿಗೆ ಲೆಕ್ಕಕ್ಕೇ ಬರಲಿಲ್ಲ. ‘ಮನಿ ಕೆಲಸ, ಅದಕ್ಕೇನ್ ಕೂಲಿ’ ಅಂತ ನಾವೇ ಬಿಟ್ಟುಬಿಡ್ತೀವಿ.

ಅಂಗಡಿಯವನು ಕಳ್ಳ ಅಂತ ನಾನು ಹೇಳ್ತಿಲ್ಲ. ಬಾಡಿಗೆ, ಕರೆಂಟು, ಮಾರಾಟವಾಗದೆ ಕೂತ ನಂಬರುಗಳು, ಎಲ್ಲ ಅವನ ತಲೆ ಮೇಲೇ. ಲಾಭ ಇಟ್ಟುಕೊಳ್ಳಲಿ. ಆದರೆ ಆ ಲಾಭ ಕೂಲಿಯ ಮೇಲೆ ಕೂಡಬೇಕು, ಕೂಲಿಯಿಂದ ಕಳೀಬಾರದು.

ಮಾಡುವವರಿಗೆ ನನ್ನದು ನಾಲ್ಕು ಮಾತು. ಸಾಮಾನಿನ ಪಕ್ಕದಲ್ಲೇ ಇಬ್ಬರ ಕೂಲಿಯನ್ನೂ ಬರೆದಿಡಿ. ಹತ್ತು ಜೋಡಿ ಉದ್ರಿ ಕೊಡೋ ಬದಲು ನಾಲ್ಕು ಜೋಡಿ ರೊಕ್ಕಕ್ಕೆ ಕೊಡಿ. ಹಳೇ ಬಾಕಿ ಚುಕ್ತಾ ಆಗದೆ ಹೊಸ ಮಾಲು ಇಳಿಸಬೇಡಿ. ಮನೆ ಬಾಗಿಲಿಗೆ ಬಂದ ಗಿರಾಕಿಗೆ ಅಂಗಡಿಗಿಂತ ಅಗ್ಗಕ್ಕೆ ಕೊಡಬೇಡಿ. ಕೊಟ್ಟರೆ ಅಂಗಡಿಯವನು ನಾಳೆ ನಿಮ್ಮ ಮಾಲು ಇಡೋದಿಲ್ಲ.

ಸರ್ಕಾರಕ್ಕೂ ಒಂದು ಮಾತಿದೆ. ಇದೇ ಭಾಗದ ಕಬ್ಬಿಗೆ ಎಫ್‌ಆರ್‌ಪಿ ಇದೆ. ಅದು ಸಾಲದು ಅಂದಾಗ ರೈತರು ರಸ್ತೆಗಿಳೀತಾರೆ, ಮಂತ್ರಿಗಳು ಓಡಿ ಬರ್ತಾರೆ. ಚಪ್ಪಲಿ ಹೊಲಿಯೋರು ರಸ್ತೆ ತಡೆಯುವಷ್ಟು ಜನ ಇಲ್ಲ. ಹಾಗಂತ ಅವರ ದುಡಿಮೆಗೆ ಬೆಲೆ ಇಲ್ವಾ? ಲಿಡ್ಕರ್ ಮಿಲಾನ್‌ನ ಕಂಪನಿ ಜೊತೆ ಮಾತಾಡಿದೆ. ಅಥಣಿ, ಕಾಗವಾಡದ ಅಂಗಡಿ ಸಾಲಿಗೂ ಒಮ್ಮೆ ಬರಲಿ, ಕೂಲಿ ಸೇರಿಸಿದ ದರಪಟ್ಟಿ ಮಾಡಿಕೊಡಲಿ.

ಮತ್ತೆ ನಾವು ಗಿರಾಕಿಗಳು. ಮಾಲ್‌ನಲ್ಲಿ ಬಾಯಿ ಮುಚ್ಚಿಕೊಂಡು ಬಿಲ್ ಕಟ್ಟೋರು, ಇಲ್ಲಿ ಬಂದು 50 ರೂಪಾಯಿಗೆ ಚೌಕಾಸಿ ಮಾಡೋದು ಬಿಡೋಣ.