ಮೂಗು ಹಿಡಿದು ‘ಅಮ್ಮ’ ಅನ್ನಿ

ನೆಗಡಿಯಾದ ಮೊಮ್ಮಗಳು ನಿನ್ನೆ ‘ಅಮ್ಮ’ ಅಂದದ್ದು ನನಗೆ ‘ಅಬ್ಬ’ ಎಂದೇ ಕೇಳಿಸಿತು. ತಪ್ಪು ಅವಳದಲ್ಲ. ಮ, ಬ ಎರಡಕ್ಕೂ ತುಟಿ ಮುಚ್ಚಲೇಬೇಕು. ಮಕಾರಕ್ಕೆ ಮಾತ್ರ ಕಿರುನಾಲಗೆ ತೂಗುವ ಮೆದು ಅಂಗುಳು ಕೆಳಗಿಳಿದು ಉಸಿರನ್ನು ಮೂಗಿಗೆ ಬಿಡುತ್ತದೆ. ಮೂಗೇ ಕಟ್ಟಿದ್ದರೆ ಉಸಿರು ಹೋಗುವುದೆಲ್ಲಿಗೆ?

ಗಂಟಲ ಮೇಲೆ ಬೆರಳಿಟ್ಟು ‘ಸ್ಸ್ಸ್’ ಅನ್ನಿ, ಏನೂ ತಾಗದು. ‘ಮ್ಮ್ಮ್’ ಅನ್ನಿ. ಬೆರಳಿಗೆ ಸಿಕ್ಕಿತಲ್ಲ, ಆ ನಡುಕ ಧ್ವನಿತಂತುಗಳದು. ಸೆಕೆಂಡಿಗೆ ನೂರು, ಇನ್ನೂರು ಸಲ ಕೂಡಿ ಬಿಡುತ್ತವೆ.

ವರ್ಣಮಾಲೆ ಜೋಡಿಸಿದವರು ತಮ್ಮ ಬಾಯನ್ನೇ ಎಷ್ಟು ಗಮನಿಸಿದ್ದರೋ! ಕ, ಚ, ಟ, ತ, ಪ ಎನ್ನುತ್ತ ಗಂಟಲ ಕಡೆಯಿಂದ ತುಟಿಗೆ ಬರುತ್ತೀರಿ. ಐದೂ ಸಾಲಿನ ಕೊನೆಗೆ ಮೂಗಿನ ಅಕ್ಷರ: ಙ, ಞ, ಣ, ನ, ಮ.

ಮೊಮ್ಮಗಳಿಗೆ ಇವತ್ತು ಬಿಸಿನೀರಿನ ಹಬೆ ಹಿಡಿಸಬೇಕು.