ಕ್ಯಾನರೀಸ್ ಅಲ್ಲ, ಕನ್ನಡ್ ಅಲ್ಲ, ಕನ್ನಡ!
(ಚನ್ನರಾಯಪಟ್ಟಣದಲ್ಲಿ ಯುವಜನರ ಮುಂದೆ ಆಡಿದ ಮಾತು)



ಹೆಸರಿನ ಪೇಚು ಈ ಊರಿನವರಿಗೆ ಹೊಸದಲ್ಲ. ಚನ್ನರಾಯಪಟ್ಟಣ ಎಂದರೆ ಸಾಕು, ‘ಹಾಸನದ ಕಡೆಯವರಾ?’ ಎನ್ನುತ್ತಾರೆ. ‘ಇಲ್ಲ ಸ್ವಾಮಿ, ದೇವನಹಳ್ಳಿ ತಾಲ್ಲೂಕು’ ಎಂದು ನೀವು ತಿದ್ದುತ್ತೀರಿ. ಊರಿನ ಹೆಸರನ್ನು ತಿದ್ದುವ ನಾವು ನಮ್ಮ ನುಡಿಯ ಹೆಸರು ಕೆಟ್ಟಾಗ ತಿದ್ದುತ್ತೇವೆಯೇ?

ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲಿ ಒಂದು ವಿಶೇಷಣವಿದೆ: ‘ಕ್ಯಾನರೀಸ್’. ಈಗ ಅಪರೂಪ, ನಿಮ್ಮಲ್ಲಿ ಹಲವರು ಕೇಳಿರಲಿಕ್ಕೂ ಇಲ್ಲ. ‘ಕನ್ನಡದ’, ‘ಕನ್ನಡಿಗರ’ ಎಂದು ಅದರ ಅರ್ಥ. ಪೋರ್ಚುಗೀಸರ ಬಾಯಲ್ಲಿ ನಮ್ಮ ‘ಡ’ ಹೋಗಿ ‘ರ’ ಆಯಿತು, ಕನ್ನಡ ‘ಕನರಾ’ ಆಯಿತು. ಆಮೇಲೆ ಇಂಗ್ಲಿಷಿನವರು ಚೈನೀಸ್, ಜಪಾನೀಸ್ ಎನ್ನುವ ಹಾಗೆ ಅದಕ್ಕೊಂದು ಬಾಲ ಅಂಟಿಸಿದರು. ಕ್ಯಾನರೀಸ್ ಹುಟ್ಟಿತು!

ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು 9ನೇ ಶತಮಾನದಲ್ಲೇ ‘ಕವಿರಾಜಮಾರ್ಗ’ ಕನ್ನಡ ಎಂದು ಕರೆದಿತ್ತು. ಹೆಸರು ಇರಲಿಲ್ಲವೆಂದು ಅವರು ಕೊಟ್ಟದ್ದಲ್ಲ. ಇದ್ದ ಹೆಸರನ್ನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ.

ಹೆಸರು ಕೆಟ್ಟರೆ ಏನಾಗುತ್ತದೆ ನೋಡಿ. ಥಾಮಸ್ ಸ್ಟೀಫನ್ಸ್ ಎಂಬ ಪಾದ್ರಿ ಬರೆದ ‘ಕನಾರಿಂ’ ಭಾಷೆಯ ವ್ಯಾಕರಣ 1640ರಲ್ಲಿ ಗೋವೆಯ ರಾಚೋಲಿನಲ್ಲಿ ಅಚ್ಚಾಯಿತು. ಹೆಸರು ನಮ್ಮದು ಎನಿಸುತ್ತದೆ. ಪುಟ ತೆರೆದರೆ ಒಳಗಿರುವುದು ಕೊಂಕಣಿ! ಒಂದು ಅಡ್ಡಹೆಸರಿನಲ್ಲಿ ಎರಡು ನುಡಿಗಳಿಗೂ ಅನ್ಯಾಯ.

ಮುಂದೆ ವಿಲಿಯಂ ಕೇರಿಯ 1817ರ ವ್ಯಾಕರಣದಲ್ಲಿ ನಾವು ‘ಕರ್ನಾಟ’, ಮೆಕೆರೆಲ್ಲನ 1820ರ ವ್ಯಾಕರಣದಲ್ಲಿ ‘ಕರ್ನಾಟಕ’, ಕಾಲ್ಡ್‌ವೆಲ್ಲನ 1856ರ ಗ್ರಂಥದಲ್ಲಿ ‘ಕ್ಯಾನರೀಸ್’. ಆದರೆ ಜರ್ಮನಿಯಿಂದ ಬಂದ ಕಿಟ್ಟೆಲ್ ನಮ್ಮ ಜನರ ನಡುವೆ ಪದ ಹೆಕ್ಕಿ 1894ರಲ್ಲಿ ನಿಘಂಟು ತಂದಾಗ, ಅದರ ಇಂಗ್ಲಿಷ್ ಹೆಸರಿನಲ್ಲೇ ‘ಕನ್ನಡ’ ಎಂದು ಅಚ್ಚು ಹಾಕಿಸಿದರು. ಅಷ್ಟಾದರೂ 1915ರಲ್ಲಿ ಇ. ಪಿ. ರೈಸ್ ನಮ್ಮ ಸಾಹಿತ್ಯ ಚರಿತ್ರೆಯನ್ನು ‘ಕ್ಯಾನರೀಸ್’ ಹೆಸರಿನಲ್ಲೇ ಬರೆದರು. ಅವರಿಗೆ ಕನ್ನಡದ ಮೇಲೆ ದ್ವೇಷವಿರಲಿಲ್ಲ, ರೂಢಿಯಾಗಿತ್ತು ಅಷ್ಟೆ. 1934ರಲ್ಲಿ ಆರ್. ನರಸಿಂಹಾಚಾರ್ಯರು ಇಂಗ್ಲಿಷಿನಲ್ಲಿ ಭಾಷೆಯ ಚರಿತ್ರೆ ಬರೆದಾಗ ಹೆಸರಿಗೆ ಯಾರನ್ನೂ ಕೇಳಲಿಲ್ಲ. ಕನ್ನಡ ಎಂದೇ ಬರೆದರು.

ಕ್ಯಾನರೀಸ್ ಮೂಲೆ ಸೇರಿತು. ಈಗ ‘ಕನ್ನಡ್’ ಬಂದಿದೆ. ಹಿಂದಿಯಲ್ಲಿ ಪದದ ಕೊನೆಯ ‘ಅ’ಕಾರವನ್ನು ನುಂಗುವುದು ರೂಢಿ, ಹಾಗಾಗಿ ವಿಮಾನ ನಿಲ್ದಾಣದಲ್ಲಿ, ಕಂಪನಿಗಳಲ್ಲಿ ‘ಕನ್ನಡ್ ನಹೀ ಆತಾ’ ಎಂಬ ಮಾತು ಕೇಳುತ್ತೇವೆ. ಅವರ ಮೇಲೆ ರೇಗಬೇಡಿ. ‘ಕನ್ನಡ ಅನ್ನಿ’ ಎಂದು ನಗುತ್ತಲೇ ತಿದ್ದಿ, ಜೊತೆಗೆ ನಾಲ್ಕು ಮಾತು ಕಲಿಸಿ. ಕಿಟ್ಟೆಲ್ ಸರಿಯಾದ ಹೆಸರು ಬರೆದದ್ದು ನುಡಿ ಕಲಿತದ್ದರಿಂದ.

ಆದರೆ ಇಂಗ್ಲಿಷಿನ ನಡುವೆ ‘ಡ’ಕಾರವನ್ನು ಮೆತ್ತಗೆ ಮಾಡಿ, ಪರದೇಶಿಯ ಹಾಗೆ ‘ಕನಡಾ’ ಎನ್ನುವ ನಮ್ಮವರೇ ಇದ್ದಾರಲ್ಲ! ಗೆಳೆಯ, ನೀನೇ ತಪ್ಪಾಗಿ ಹೇಳಿದರೆ ಹೊರಗಿನವನನ್ನು ಯಾವ ಬಾಯಲ್ಲಿ ತಿದ್ದುತ್ತೀಯ?

2022ರಿಂದ ನೆಲಕ್ಕಾಗಿ ಹೋರಾಡಿ, ಭೂಸ್ವಾಧೀನ ಕೈಬಿಡುತ್ತೇವೆಂದು 2025ರ ಜುಲೈಯಲ್ಲಿ ಸರ್ಕಾರದಿಂದಲೇ ಹೇಳಿಸಿದ ರೈತರ ಹೋಬಳಿ ಇದು. ಸುಮ್ಮನಿದ್ದರೆ ನೆಲವೂ ಹೋಗುತ್ತದೆ, ಹೆಸರೂ ಹೋಗುತ್ತದೆ. ನೆಲಕ್ಕೆ ವರ್ಷಗಟ್ಟಲೆ ಕೂರಬೇಕಾಯಿತು. ಹೆಸರಿಗೆ ಬೇಕಾದದ್ದು ಒಂದು ‘ಡ’, ಅದನ್ನು ಗಟ್ಟಿಯಾಗಿ ಹೇಳುವ ಒಂದು ಬಾಯಿ. ನಾಳೆ ಬೆಳಿಗ್ಗೆ ಕೆಲಸಕ್ಕೆ ಹೋದಾಗಲೇ ಶುರುಮಾಡಿ.