ಎರಡನೆಯ ಸಲ ಕಟಕಟೆ ಹತ್ತುವ ಮುನ್ನ

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ಪ್ರತಿಭಾ ಪುರಸ್ಕಾರದ ಸಭೆಯಲ್ಲಿ ವಾಹನ ಕಳ್ಳತನದ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ಇಂದು ಬಹುಮಾನ ಪಡೆದ ಮಕ್ಕಳ ಜೊತೆಯಲ್ಲೇ ಓದಿ, ಎಂಟನೆಯ ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟ ಹುಡುಗರೂ ನಮ್ಮವರೇ. ಅವರಲ್ಲಿ ಹಲವರು ಗ್ಯಾರೇಜಿನಲ್ಲಿ, ಗುಜರಿ ಅಂಗಡಿಯಲ್ಲಿ ಬೆವರು ಸುರಿಸಿ ದುಡಿಯುತ್ತಿದ್ದಾರೆ. ಅವರನ್ನು ನೆನೆದೇ ಈ ವಿಷಯ ಆರಿಸಿಕೊಂಡಿದ್ದೇನೆ.

ನಮ್ಮ ಕಡೆ ಬೈಕು ಶೋಕಿಯ ವಸ್ತುವಲ್ಲ. ಹೊಗೆಸೊಪ್ಪಿನ ಹರಾಜಿಗೆ ಹೋಗುವ ರೈತ, ನಸುಕಿನಲ್ಲಿ ಡೇರಿಗೆ ಹಾಲು ಹಾಕುವವನು, ಹಳ್ಳಿ ಹಳ್ಳಿ ತಿರುಗಿ ಬಟ್ಟೆ ಮಾರುವವನು, ಇವರಿಗೆಲ್ಲ ಅದೇ ಜೀವನಾಧಾರ. ಸಂತೆಯ ದಿನ ಅದು ಕಳುವಾದರೆ ಸಾಲದ ಕಂತು ಮಾತ್ರ ಉಳಿಯುತ್ತದೆ. ಥರ್ಡ್ ಪಾರ್ಟಿ ವಿಮೆ ಮಾತ್ರ ಇದ್ದವನಿಗೆ ಕಳುವಿನ ಪರಿಹಾರವೂ ಸಿಗದು. ಆದ್ದರಿಂದ ಪದೇ ಪದೇ ಕದಿಯುವವನಿಗೆ ಕಠಿಣ ಶಿಕ್ಷೆಯಾಗಲಿ ಎಂಬ ಕೂಗು ನ್ಯಾಯವಾದದ್ದೇ.

ಕಾನೂನು ಈಗ ಆ ದಾರಿ ಹಿಡಿದಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮಿನಂತೆ, ಮೊದಲ ಸಲದ ಕಳ್ಳತನಕ್ಕೆ 3 ವರ್ಷದವರೆಗೆ ಸೆರೆವಾಸ, ಅಥವಾ ದಂಡ, ಅಥವಾ ಎರಡೂ. ಹಳೆಯ ದಂಡ ಸಂಹಿತೆಯ 379ನೇ ಕಲಮಿನಲ್ಲೂ ಇಷ್ಟೇ ಇತ್ತು. ಹೊಸದೇನೆಂದರೆ, ಎರಡನೆಯ ಸಲ ಅಪರಾಧ ಸಾಬೀತಾದರೆ ಕನಿಷ್ಠ 1 ವರ್ಷ, ಗರಿಷ್ಠ 5 ವರ್ಷ ಕಠಿಣ ಸೆರೆವಾಸ, ಜೊತೆಗೆ ದಂಡ. ಬರೀ ದಂಡ ಕಟ್ಟಿ ಮನೆಗೆ ಹೋಗುವ ದಾರಿ ಅಲ್ಲಿಲ್ಲ. ಸರಕು ಅಥವಾ ಪ್ರಯಾಣಿಕರನ್ನು ಸಾಗಿಸುವ ವಾಹನ ಕದ್ದರೆ 305ನೇ ಕಲಮಿನಡಿ ಮೊದಲ ಸಲವೇ 7 ವರ್ಷದವರೆಗೆ ಶಿಕ್ಷೆಯಾಗಬಹುದು. ಗುಂಪು ಕಟ್ಟಿಕೊಂಡು ವಾಹನ ಕದಿಯುವುದನ್ನೇ ದಂಧೆ ಮಾಡಿಕೊಂಡವರಿಗೆ 111ನೇ ಕಲಮಿದೆ. ಅಲ್ಲಿ ಕನಿಷ್ಠ 5 ವರ್ಷ ಸೆರೆ, 5 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ದಂಡ. "ಈ ಗಾಡಿ ಗಡಿ ದಾಟಿಸಿ ಬಾ, ಖರ್ಚಿಗೆ ಕೊಡುತ್ತೇನೆ" ಎಂಬ ಮಾತಿಗೆ ಮರುಳಾಗುವ ಹುಡುಗ ಇದನ್ನು ತಿಳಿದಿರಬೇಕು.

ಇಲ್ಲಿ ಒಂದು ಸೂಕ್ಷ್ಮವಿದೆ. 303ನೇ ಕಲಮಿನಲ್ಲಿ ಎರಡನೆಯ ಸಲ ಎಂದರೆ ಎರಡನೆಯ ಕೇಸಲ್ಲ, ಎರಡನೆಯ ಬಾರಿ ದೋಷಿಯಾಗುವುದು. ಹತ್ತು ಕೇಸಿದ್ದರೂ ಒಂದೂ ಸಾಬೀತಾಗದಿದ್ದರೆ ಕಾನೂನಿನ ಕಣ್ಣಿಗೆ ಅವನು ಹೊಸಬನೇ. ಬೈಕು ಸಿಕ್ಕಿತಲ್ಲ, ಇನ್ನು ಕೋರ್ಟಿಗೆ ಅಲೆಯುವುದೇಕೆ ಎಂದು ನಾವು ಸಾಕ್ಷಿ ಹೇಳದೆ ಉಳಿದರೆ, ಎಷ್ಟು ಕಠಿಣ ಶಿಕ್ಷೆ ಬರೆದಿಟ್ಟರೂ ಅದು ಪುಸ್ತಕದಲ್ಲೇ ಉಳಿಯುತ್ತದೆ. ಚಾಸಿ ಮತ್ತು ಎಂಜಿನ್ ನಂಬರನ್ನು ಮನೆಯಲ್ಲಿ ಬರೆದಿಡಿ. ಕಳುವಾದ ಊರು ಬೇರೆಯಾದರೂ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಸಿಕ್ಕ ವಾಹನವನ್ನು ಠಾಣೆಯ ಮುಂದೆ ತುಕ್ಕು ಹಿಡಿಸದೆ ಬೇಗ ಬಿಡಿಸಿಕೊಡಬೇಕೆಂದು ಸುಪ್ರೀಂ ಕೋರ್ಟು 2002ರಲ್ಲೇ ಹೇಳಿದೆ.

ಅಗ್ಗಕ್ಕೆ ಸಿಕ್ಕಿತೆಂದು ಆರ್.ಸಿ. ಇಲ್ಲದ ಗಾಡಿ ಕೊಳ್ಳಬೇಡಿ, ಬಿಚ್ಚಬೇಡಿ. ಕಳವಿನ ಮಾಲೆಂದು ತಿಳಿದು ಕೊಂಡವನಿಗೂ 3 ವರ್ಷದವರೆಗೆ ಶಿಕ್ಷೆಯುಂಟು. ಅದನ್ನೇ ರೂಢಿ ಮಾಡಿಕೊಂಡರೆ 10 ವರ್ಷ, ಜೀವಾವಧಿಯವರೆಗೂ ಹೋಗಬಹುದು. ಕೊಳ್ಳುವವನಿಲ್ಲದಿದ್ದರೆ ಕದಿಯುವವನಿಗೆ ಲಾಭವೇನು?

ಇನ್ನು ಮುಖ್ಯ ಮಾತು. ಮೊದಲ ತಪ್ಪಿಗೂ ಎರಡನೆಯ ತಪ್ಪಿಗೂ ನಡುವೆ ಒಂದು ಅವಧಿ ಇರುತ್ತದೆ. ಅದು ಪೊಲೀಸರದ್ದಲ್ಲ, ನಮ್ಮದು. 18 ತುಂಬದವನ ಪ್ರಕರಣ ಬಾಲನ್ಯಾಯ ಮಂಡಳಿಗೆ ಹೋಗುತ್ತದೆ. ಹಿಂದೆ ಶಿಕ್ಷೆಯಾಗಿರದ ವಯಸ್ಕನನ್ನು, ಸಂದರ್ಭ ನೋಡಿ, 1958ರ ಪರಿವೀಕ್ಷಣಾ ಕಾಯ್ದೆಯಡಿ ಒಳ್ಳೆಯ ನಡತೆಯ ಮುಚ್ಚಳಿಕೆ ಪಡೆದು ಬಿಡಲು ನ್ಯಾಯಾಲಯಕ್ಕೆ ಅಧಿಕಾರವಿದೆ. ಬಂಧನದಲ್ಲಿರುವವನಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯ ಮೂಲಕ ಉಚಿತ ವಕೀಲರು ಸಿಗುತ್ತಾರೆ. ಕಾನೂನು ಹೀಗೆ ಬಾಗಿಲು ತೆರೆದಿಟ್ಟಾಗ ನಾವು ಮುಚ್ಚಿಬಿಡುತ್ತೇವೆ. ಕಳ್ಳ ಎಂಬ ಹೆಸರಿಟ್ಟು ಕೆಲಸದಿಂದ ಬಿಡಿಸುತ್ತೇವೆ, ಮದುವೆ ಮನೆಗೂ ಕರೆಯುವುದಿಲ್ಲ. ಆಗ ಅವನನ್ನು ಕರೆಯುವವನು ಅವನನ್ನು ಕೆಡಿಸಿದವನೊಬ್ಬನೇ.

ತಪ್ಪನ್ನು ಮುಚ್ಚಿಡಿ ಎಂದು ನಾನು ಹೇಳುತ್ತಿಲ್ಲ. ಕದ್ದದ್ದನ್ನು ಹಿಂದಿರುಗಿಸಲಿ, ಕೋರ್ಟಿನಲ್ಲಿ ಉತ್ತರ ಹೇಳಲಿ. ಆದರೆ ಅವನು ಹೊರಬಂದ ದಿನ ನಮ್ಮ ಸಂಘದ ಇಬ್ಬರು ಹಿರಿಯರು ಅವನ ಮನೆಗೆ ಹೋಗಲಿ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಹೆಚ್.ಡಿ. ಕೋಟೆ, ಈ ನಾಲ್ಕೂ ತಾಲ್ಲೂಕಿನಲ್ಲಿ ಒಬ್ಬೊಬ್ಬ ವಕೀಲರನ್ನೂ ಒಬ್ಬೊಬ್ಬ ಗ್ಯಾರೇಜ್ ಮಾಲೀಕರನ್ನೂ ಗೊತ್ತು ಮಾಡಿಕೊಳ್ಳೋಣ. ಅರ್ಧಕ್ಕೆ ನಿಂತ ಓದನ್ನು ಮುಂದುವರಿಸಲು, ಕಸುಬು ಕಲಿಯಲು ನೆರವಾಗೋಣ. ಮೊದಲ ಸಲ ಎಡವಿದ ಹುಡುಗನ ಕೈ ಹಿಡಿಯುವುದೂ ಶಿಕ್ಷಣ ಸಂಘದ ಕೆಲಸವೇ ಎಂದು ಮನವಿ ಮಾಡುತ್ತೇನೆ.